ಅಕ್ಷರವಿಲ್ಲದ ಪಾರ್ಟಿಷನ್

ಬೆಳಿಗ್ಗೆ ಹನ್ನೊಂದಕ್ಕೆ ಕಿವಿ ಆಸ್ಪತ್ರೆಯ ಲ್ಯಾಪ್‌ಟಾಪ್ ಕೈಕೊಟ್ಟಿತು. ಹೊರಗಿನ ಸದ್ದು ಕೇಳಿಸದ ಪುಟ್ಟ ಕೋಣೆಯೊಳಗೆ ಶಾಲೆಯ ಟೀಚರೊಬ್ಬರು ಹೆಡ್‌ಫೋನ್ ಹಾಕಿಕೊಂಡು ಕೂತಿದ್ದರು. ನಾಲ್ಕು ದಿನದಿಂದ ಅವರ ಬಲಗಿವಿ ಮಂದವಾಗಿತ್ತು. ಗಾಜಿನ ಈಚೆ ಡಾಕ್ಟರ ಮಗಳು ಪರೀಕ್ಷೆ ಮುಗಿಸಿ ಸೇವ್ ಮಾಡಹೋದರೆ, ಡಿಸ್ಕಿನಲ್ಲಿ ಜಾಗವೇ ಇರಲಿಲ್ಲ.

"ಈ ಕಿವಿ ಮೊದಲಿಂದ್ಲೂ ಹೀಗೇನಾ?" ಡಾಕ್ಟರು ಕೋಣೆಯ ಬಾಗಿಲು ತೆರೆದು ಟೀಚರನ್ನು ಕೇಳಿದರು.

"ಗೊತ್ತಿಲ್ಲ ಡಾಕ್ಟ್ರೇ. ಫೋನ್ ಯಾವಾಗ್ಲೂ ಎಡಗಿವಿಗೇ ಹಿಡೀತೀನಿ. ಮೂರು ವರ್ಷದ ಹಿಂದೆ ಇಲ್ಲೇ ಪರೀಕ್ಷೆ ಆಗಿತ್ತಲ್ಲ, ನೋಡಿ."

ಆ ದಾಖಲೆಗಳೆಲ್ಲ ಹಳೆಯ ಪರೀಕ್ಷಾ ಯಂತ್ರದ ಜೊತೆಗೇ ಹೋದವೆಂದು ಡಾಕ್ಟರು ನಂಬಿದ್ದರು. ಆಗ ಪರೀಕ್ಷೆ ಮಾಡುತ್ತಿದ್ದವಳು ಅವರ ಸ್ವಂತ ಅಕ್ಕ. ಎಂಟು ತಿಂಗಳ ಹಿಂದೆ ಮಾತಿಗೆ ಮಾತು ಬೆಳೆದು ಆಕೆ ಕೆಲಸ ಬಿಟ್ಟಿದ್ದಳು. ಅಂದಿನಿಂದ ಆಕೆಯ ಹೆಸರೆತ್ತಿದರೆ ಡಾಕ್ಟರು ಮುಖ ಗಂಟಿಕ್ಕುತ್ತಿದ್ದರು.

ಮಗಳು ಜಾಗ ಹುಡುಕುತ್ತ ಡಿಸ್ಕಿನ ನಕ್ಷೆ ತೆರೆದಳು. ಸಿ ಡ್ರೈವ್ ತುಂಬಿ ತುಳುಕುತ್ತಿತ್ತು. ಪಕ್ಕದಲ್ಲಿ ಡಿಸ್ಕನ್ನು ಪಾಲು ಮಾಡಿದ ಎರಡು ಚಿಕ್ಕ ಪಾರ್ಟಿಷನ್‌ಗಳು, ಕೊನೆಗೆ ಸಿ ಡ್ರೈವಿನ ಮೂರು ಪಟ್ಟು ದೊಡ್ಡದೊಂದು. ಅದಕ್ಕೆ ಹೆಸರಿಲ್ಲ, ಸಿ, ಡಿ ಎಂಬಂಥ ಅಕ್ಷರವೂ ಇಲ್ಲ. ಮೌಸಿನ ಬಲಗುಂಡಿ ಒತ್ತಿದರೆ ಸಿಕ್ಕ ಆಯ್ಕೆ ಒಂದೇ: ಡಿಲೀಟ್.

"ಮನೆ ಪಾಲಾಗಿದ್ದು ಗೊತ್ತು, ಇದು ಯಾವಾಗ ಪಾಲಾಯ್ತೋ!" ಎಂದರು ಡಾಕ್ಟರು. "ಅಳಿಸು. ಅವ್ರನ್ನ ಎಷ್ಟೊತ್ತು ಕೂರಿಸ್ತೀಯ?"

ಬೆರಳು ಗುಂಡಿಯ ಮೇಲಿತ್ತು. ಒತ್ತಲು ಮನಸ್ಸು ಬರಲಿಲ್ಲ.

"ಅಪ್ಪಾ, ಅತ್ತೆನ ಒಂದ್ಮಾತು ಕೇಳ್ತೀನಿ."

"ಬೇಡ ಅಂದೆ."

ಅಷ್ಟರಲ್ಲಿ ಅವಳು ಫೋನ್ ಹಚ್ಚಿಯಾಗಿತ್ತು. ವಿಷಯ ಹೇಳಿದ್ದೇ ತಡ, ಅತ್ತ ಕಡೆಯಿಂದ ಬಿರುಸಾದ ದನಿ ಬಂತು. "ಅಳಿಸು ಅಂದ್ನಾ ನಿಮ್ಮಪ್ಪ? ಅಳಿಸ್ಕೊಳ್ಳಿ, ನನಗೇನು!"

"ಅತ್ತೆ, ರೋಗಿ ಕಾಯ್ತಿದ್ದಾರೆ. ಅವ್ರ ಕಿವಿ ಪರೀಕ್ಷೆಯ ಹಳೇ ಚಾರ್ಟ್ ಬೇಕು."

ಆ ದನಿಯ ಬಿರುಸು ಇಳಿಯಿತು.

"ಕೈ ತೆಗಿ ಮೊದಲು," ಎಂದಳು ಅತ್ತೆ. "ಹಳೇ ಯಂತ್ರ ವಿಂಡೋಸ್ ಜೊತೆ ಹೊಂದ್ಕೊಳ್ತಿರಲಿಲ್ಲ ಅಂತ ನಾನೇ ಅಲ್ಲಿ ಲಿನಕ್ಸ್ ಅನ್ನೋ ಇನ್ನೊಂದು ಸಿಸ್ಟಂ ಹಾಕಿದ್ದೆ. ಎಲ್ಲರ ಚಾರ್ಟೂ ಅದರೊಳಗಿವೆ. ವಿಂಡೋಸಿಗೆ ಅದನ್ನ ಓದೋಕೆ ಬರಲ್ಲ, ಅಷ್ಟೇ. ಚಿಕ್ಕವೆರಡನ್ನೂ ಮುಟ್ಟಬೇಡ. ಒಂದು ಹೋದ್ರೆ ಲ್ಯಾಪ್‌ಟಾಪ್ ಏಳೋದೇ ಇಲ್ಲ. ಇವತ್ತಿನ ಚಾರ್ಟಿಂದು ಒಂದು ಫೋಟೋ ತಗೋ, ಆಮೇಲೆ ಆಫ್ ಮಾಡಿ ಆನ್ ಮಾಡು, ಎಸ್ಕೇಪ್ ಒತ್ತುತ್ತಾ ಇರು."

ತೆರೆ ಕಪ್ಪಾಯಿತು. ಮಗಳು ಎಸ್ಕೇಪ್ ಒತ್ತುತ್ತಲೇ ಇದ್ದಳು. ಕೊನೆಗೆ ಎರಡು ಸಾಲಿನ ಪಟ್ಟಿಯೊಂದು ಮೂಡಿತು. ಕೆಳಗಿನದನ್ನು ಆರಿಸಿದಳು. ಪಾಸ್‌ವರ್ಡ್ ಕೇಳಿತು. ಅತ್ತೆ ಒಂದೊಂದೇ ಅಕ್ಷರ ಹೇಳಿದಳು. ತಪ್ಪೆಂದು ಬಂತು. ಮಗಳು ಮತ್ತೆ ಹೊಡೆದಳು, ಮತ್ತೆ ತಪ್ಪು. ಡಾಕ್ಟರು ಗಡಿಯಾರ ನೋಡಿಕೊಂಡು ನಿಟ್ಟುಸಿರಿಟ್ಟರು.

"ಮೊದಲನೇದು ದೊಡ್ಡಕ್ಷರ ಕಣೇ, ಹೇಳೋದು ಮರೆತೆ!"

ತೆರೆಯಿತು. ಟೀಚರ ಹೆಸರಿನ ಕಡತದಲ್ಲಿ ಕಿವಿಗೊಂದರಂತೆ ಎರಡು ಗೆರೆಗಳು, ಒಂದಕ್ಕೊಂದು ಅಂಟಿಕೊಂಡಂತೆ. ಮೂರು ವರ್ಷದ ಹಿಂದೆ ಅವರ ಎರಡೂ ಕಿವಿ ಚೆನ್ನಾಗಿದ್ದವು.

ಡಾಕ್ಟರ ಮುಖದ ಬಣ್ಣವೇ ಬದಲಾಯಿತು. "ಇದು ಹೊಸದು. ನರಕ್ಕೆ ಪೆಟ್ಟಾಗಿದೆ. ಇವತ್ತೇ ಔಷಧ ಶುರು ಆಗ್ಬೇಕು. ಹಳೇ ಕಿವುಡು ಅಂದ್ಕೊಂಡು ಮುಂದಿನ ತಿಂಗಳು ಬನ್ನಿ ಅಂತ ಹೇಳೋನಿದ್ದೆ." ಟೀಚರನ್ನು ತಮ್ಮ ಕೋಣೆಗೆ ಕರೆದೊಯ್ಯುವ ಮುನ್ನ ಮಗಳ ಕೈಯಿಂದ ಫೋನ್ ಇಸಿದುಕೊಂಡರು. "ಅಕ್ಕಾ..." ಎಂದು ಶುರು ಮಾಡಿದರು.

"ಮೊದಲು ರೋಗಿನ ನೋಡೋ," ಎಂದಳು ಆಕೆ.

ಭಾನುವಾರ ಆಕೆ ತಾನೇ ಬಂದಳು. ದಾಖಲೆಗಳನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ, ತೆರೆದು ಪರೀಕ್ಷಿಸಿ, ಲ್ಯಾಪ್‌ಟಾಪ್ ನೇರವಾಗಿ ವಿಂಡೋಸಿನಿಂದಲೇ ಏಳುವಂತೆ ಹೊಂದಿಸಿದಳು. ಆಮೇಲಷ್ಟೇ ತಮ್ಮನ ಮಗಳಿಗೆ ಡಿಲೀಟ್ ಒತ್ತಲು ಬಿಟ್ಟಳು. ಲ್ಯಾಪ್‌ಟಾಪ್ ಮರುಚಾಲನೆಯಾಗಿ ಸರಿಯಾಗಿ ಎದ್ದಿತು, ಡಿಸ್ಕಿನಲ್ಲಿ ಜಾಗವೂ ಆಯಿತು.

ಟೀಚರಿಗೆ ಆರು ವಾರದಲ್ಲಿ ಬಲಗಿವಿಯ ಶ್ರವಣ ಮುಕ್ಕಾಲು ಪಾಲು ಮರಳಿತು. ತೀರಾ ಕೀರಲು ಸದ್ದುಗಳು ಮಾತ್ರ ಕೇಳಿಸಲಿಲ್ಲ. ಅಕ್ಕ ಮತ್ತೆ ಕೆಲಸಕ್ಕೆ ಬರಲು ಒಪ್ಪಲಿಲ್ಲ. ಆದರೆ ಏನಾದರೂ ಅಳಿಸುವ ಮುನ್ನ ಆಕೆಗೊಂದು ಫೋನ್ ಮಾಡುವುದನ್ನು ತಮ್ಮ ರೂಢಿಸಿಕೊಂಡ.