ಊಟ ಆಯ್ತಾ?

ದರ್ಜಿಗೆ ಒಲೆಯ ಮುಂದೆ ನಿಂತೇ ಗೊತ್ತಿರಲಿಲ್ಲ. ಅಂಥವನು ಐವತ್ತರ ಹತ್ತಿರ ಬಂದಮೇಲೆ ಸೊಂಟಕ್ಕೆ ಟವೆಲ್ಲು ಸುತ್ತಿಕೊಂಡು ಸೊಪ್ಪು ಸೋಸುತ್ತ ಕೂತದ್ದು ಹೆಂಡತಿಯ ಸಲುವಾಗಿ.

ಹೆಂಡತಿಯದು ಆಂಬುಲೆನ್ಸ್ ಕಚೇರಿಯಲ್ಲಿ ಫೋನ್ ಎತ್ತುವ ಕೆಲಸ. ಗಾಡಿ ತಲುಪುವವರೆಗೂ ಆ ಕಡೆಯವರಿಗೆ ಧೈರ್ಯ ಹೇಳುತ್ತ, ಏನು ಮಾಡಬೇಕೆಂದು ಹೇಳಿಕೊಡುತ್ತ ಇರಬೇಕು. ಗಾಡಿ ತಲುಪಿತು ಎಂದರೆ 'ಆಯ್ತು' ಅಂದು ಗುಂಡಿ ಒತ್ತುವುದು. ಅಲ್ಲಿಗೆ ಆ ಕರೆ ಮುಗಿದಂತೆ. ಅಲ್ಲಿ ಕೇಳಿದ್ದನ್ನು ಮನೆಯಲ್ಲಿ ಬಾಯಿಬಿಡುವ ಹಾಗಿಲ್ಲ, ಅದು ಕಚೇರಿಯ ಕಟ್ಟುನಿಟ್ಟು. ಇಷ್ಟು ವರ್ಷ ಹಾಗೇ ದುಡಿದು, ಮನೆಗೆ ಬಂದು ನಗುನಗುತ್ತ ಇದ್ದವಳು ಈಚೆಗೆ ಮುಟ್ಟಿದರೆ ಮುನಿ ಆಗಿದ್ದಳು. ಎದೆ ಡವಡವ ಹೊಡೆದುಕೊಳ್ಳುತ್ತದೆ, ನಿದ್ದೆ ಹತ್ತುವುದಿಲ್ಲ, ಚಮಚ ಬಿದ್ದರೂ ಬೆಚ್ಚಿಬೀಳುತ್ತಾಳೆ.

ಡಾಕ್ಟರು ಮೊದಲು ಕೇಳಿದ್ದು ಏನು ತಿನ್ನುತ್ತೀರಿ ಎಂದು. ಕಾಫಿ, ಬಿಸ್ಕತ್ತು ಎಂದಳು. ಎಷ್ಟು ಕಾಫಿ ಎಂದರೆ ಲೆಕ್ಕ ಇಟ್ಟಿಲ್ಲ ಎಂದಳು. ಅವರು ದರ್ಜಿಯ ಕಡೆ ತಿರುಗಿ, ಖಾಲಿ ಹೊಟ್ಟೆಗೆ ಕಾಫಿ, ಸಕ್ಕರೆ ಸುರಿದರೆ ಕೆಲಸದ ಒತ್ತಡ ಇಮ್ಮಡಿಯಾಗುತ್ತದೆ, ಸೊಪ್ಪು, ಕಾಳು, ಮೊಸರು, ಹಣ್ಣು ಒಳಗೆ ಹೋಗಲಿ ಎಂದರು. ತಪ್ಪು ಮಾತೇನಲ್ಲ.

ದರ್ಜಿ ಅದನ್ನು ಅಳತೆ ಕೊಟ್ಟ ಬಟ್ಟೆಯ ಹಾಗೆ ಹಿಡಿದುಕೊಂಡ. 'ಊಟ ಬಲ್ಲವನಿಗೆ ರೋಗವಿಲ್ಲ' ಎಂದು ಗಿರಾಕಿಗಳಿಗೂ ಉಪದೇಶ ಶುರುವಾಯಿತು. ಮಾತು ಬಲ್ಲವನ ವಿಷಯವೂ ಆ ಗಾದೆಯಲ್ಲಿದೆ. ಆದರೆ ಅರ್ಧ ಗಾದೆಗೇ ಪಾಪ ಅವನಿಗೆ ಕೈತುಂಬ ಕೆಲಸವಿತ್ತು. ಸೊಪ್ಪು ಕೆಲವೊಮ್ಮೆ ತಳ ಹಿಡಿಯುತ್ತಿತ್ತು. ಸೇಬನ್ನು ಮಾತ್ರ ಕಸುಬಿನ ನಾಜೂಕಿನಿಂದ ಒಂದೇ ಅಳತೆಯ ಹೋಳು ಮಾಡಿ, ಮುಚ್ಚಳ ತೆಗೆದ ಕೂಡಲೇ ಕಣ್ಣಿಗೆ ಬೀಳುವ ಹಾಗೆ ಅವಳು ಕಚೇರಿಗೆ ಒಯ್ಯುವ ಡಬ್ಬಿಯಲ್ಲಿ ಜೋಡಿಸುತ್ತಿದ್ದ.

ಸಂಜೆ ಡಬ್ಬಿ ಖಾಲಿಯಾಗಿ, ತೊಳೆದು ಬರುತ್ತಿತ್ತು.

"ಊಟ ಆಯ್ತಾ?"

"ಆಯ್ತು."

ಅಷ್ಟು ಕೇಳಿದರೆ ಅವನಿಗೆ ಹಾಲು ಕುಡಿದಷ್ಟು ಸಂತೋಷ. ರಾತ್ರಿ ಅವಳು ಒಂದು ಲೋಟ ಮಜ್ಜಿಗೆ ಸಾಕು ಎಂದರೆ, ಮಧ್ಯಾಹ್ನ ಚೆನ್ನಾಗಿ ಉಂಡಿದ್ದಾಳೆ ಎಂದುಕೊಳ್ಳುತ್ತಿದ್ದ. ಅವಳ ಕೆಲಸದ ಅಂಗಿ ಸಡಿಲವಾಯಿತು. ಪಕ್ಕ ಹಿಡಿದು ಹೊಲಿದುಕೊಟ್ಟ. ಸ್ವಲ್ಪ ದಿನಕ್ಕೆ ಮತ್ತೆ ಹೊಲಿಯಬೇಕಾಯಿತು. ಒಳ್ಳೆಯ ಊಟ ಬೊಜ್ಜು ಕರಗಿಸುತ್ತಿದೆ ಎಂದು ತನಗೆ ತಾನೇ ಶಹಬ್ಬಾಸ್ ಹೇಳಿಕೊಂಡ. ಊರವರ ಮೈಯನ್ನೆಲ್ಲ ಅಳೆದವನಿಗೆ ಮನೆಯವಳು ಸೊರಗಿದ್ದು ತಿಳಿಯಲಿಲ್ಲ.

ಒಂದು ಮಧ್ಯಾಹ್ನ ಕಚೇರಿಯಿಂದ ಫೋನ್ ಬಂತು, ತಲೆಸುತ್ತಿ ಬಿದ್ದಿದ್ದಾಳೆ ಎಂದು. ಕತ್ತರಿ ಕೈಯಲ್ಲಿ ಹಿಡಿದೇ ಓಡಿದ. ಅವಳನ್ನು ಒಳಗಿನ ಬೆಂಚಿನ ಮೇಲೆ ಮಲಗಿಸಿದ್ದರು. ದಿನವೂ ಅವಳ ಪಕ್ಕದ ಕುರ್ಚಿಯಲ್ಲಿ ಕೂತು ಕೆಲಸ ಮಾಡುವ ಹೆಂಗಸು ನಲ್ಲಿಯ ಹತ್ತಿರ ಅವನ ಡಬ್ಬಿ ತೊಳೆಯುತ್ತಿದ್ದಳು. ಅವನನ್ನು ಕಂಡು ಅವಳ ಮುಖ ಕಪ್ಪಿಟ್ಟಿತು.

"ಅಣ್ಣ, ನಿಮ್ಮನೆ ಊಟ ದಿನಾ ತಿಂತಿದ್ದಿದ್ದು ನಾನು," ಎಂದಳು. "ಮೊದಲನೇ ದಿನ ಮುಚ್ಚಳ ತೆಗೆದು ನೋಡಿದೋರು ಅಕ್ಕ, ಆಮೇಲೆ ಮುಟ್ಟಲೇ ಇಲ್ಲ. ಯಾಕೆ ಅಂತ ಅವರನ್ನೇ ಕೇಳಿ. ಇಲ್ಲಿನ ಮಾತು ನಾನು ಹೇಳೋ ಹಾಗಿಲ್ಲ."

ದಾರಿಯುದ್ದಕ್ಕೂ ಅವನಿಗೆ ಸಿಟ್ಟು ಕುದಿಯುತ್ತಿತ್ತು. ಇಷ್ಟು ದಿನ ಒಲೆಯ ಮುಂದೆ ಬೆಂದದ್ದು ಯಾರಿಗಾಗಿ? ಮನೆಗೆ ಬಂದು, ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಅವಳನ್ನು ಕೂರಿಸಿದಾಗ, ತಾನು ಹಿಡಿದು ಹೊಲಿದ ಅಂಗಿ ಮತ್ತೆ ಜೋಲುತ್ತಿರುವುದು ಕಂಡಿತು. ಸಿಟ್ಟು ಇಳಿದು ಹೋಯಿತು. ಅಭ್ಯಾಸಬಲದಿಂದ 'ಊಟ' ಎಂದು ಬಾಯಿ ತೆರೆದವನು ಅದನ್ನು ನುಂಗಿಕೊಂಡ.

"ಏನಾಯ್ತು?" ಎಂದ.

ಈ ಮಾತನ್ನು ಅವನು ಇದುವರೆಗೆ ಕೇಳಿಯೇ ಇರಲಿಲ್ಲ. ಅವಳು ಅಳತೆಪಟ್ಟಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಹೇಳಿದಳು. ಯಾರೋ ತಾಯಿ ಫೋನ್ ಮಾಡಿದ್ದಳಂತೆ. ಕೂಸಿಗೆ ತಿನ್ನುತ್ತ ತಿನ್ನುತ್ತ ಗಂಟಲಲ್ಲಿ ತುತ್ತು ಸಿಕ್ಕಿಕೊಂಡು ಉಸಿರು ಕಟ್ಟಿತ್ತು. ಮಗುವನ್ನು ಬೋರಲು ಹಿಡಿ, ಬೆನ್ನು ತಟ್ಟು ಎಂದು ಇವಳು ಹೇಳಿದ್ದನ್ನೆಲ್ಲ ಆ ತಾಯಿ ತಪ್ಪದೆ ಮಾಡಿದಳು. ಗಾಡಿ ಬರುವ ಮೊದಲೇ ಮಗುವಿನ ಸದ್ದು ನಿಂತಿತು. ಆಮೇಲೆ ಗಾಡಿ ತಲುಪಿತು. ಇವಳು 'ಆಯ್ತು' ಅಂದು ಗುಂಡಿ ಒತ್ತಿದಳು, ಒತ್ತಲೇಬೇಕಿತ್ತು. ಇನ್ನೊಂದು ಕರೆ ಕಾಯುತ್ತಿತ್ತು. ಅಂದಿನಿಂದ ಅಗಿಯುವಂಥದ್ದು ಯಾವುದೂ ಗಂಟಲಲ್ಲಿ ಇಳಿಯುತ್ತಿಲ್ಲ. ಕಾಫಿಯಲ್ಲಿ ಅದ್ದಿದ ಬಿಸ್ಕತ್ತು ಕರಗುತ್ತದೆ, ಅದೊಂದು ಹೋಗುತ್ತದೆ.

ಕೇಳಬಾರದಿತ್ತು, ಆದರೂ ಕೇಳಿದ, ಏನು ಸಿಕ್ಕಿಕೊಂಡಿತ್ತು ಎಂದು.

ಅವಳು ಅವನ ಕೈಗಳನ್ನು ನೋಡಿದಳು. "ಸೇಬಿನ ಹೋಳು ರೀ," ಎಂದಳು. "ನೀವು ಅಷ್ಟು ಆಸೆಯಿಂದ ಹೆಚ್ಚಿ ಕಳಿಸ್ತಿದ್ರಿ. ಹೇಗೆ ಬೇಡ ಅನ್ನಲಿ?"

ದರ್ಜಿ ಎದ್ದು ಒಳಗೆ ಹೋದ. ಡಾಕ್ಟರ ಮಾತು ಕೇಳಿ ತಾನೇ ಬಚ್ಚಿಟ್ಟಿದ್ದ ಕಾಫಿಪುಡಿ ತೆಗೆದು ಕಾಫಿ ಮಾಡಿ ತಂದ. ಅವಳೆದುರು ನೆಲದ ಮೇಲೆ ಕೂತು, ಬಿಸ್ಕತ್ತನ್ನು ಅದ್ದಿ, ಪೂರಾ ಮೆತ್ತಗಾಗುವವರೆಗೆ ಹಿಡಿದು ಬಾಯಿಗೆ ಕೊಟ್ಟ.

ಅವಳು ಅಳುತ್ತಲೇ ನುಂಗಿದಳು. ಅವನು ಇನ್ನೊಂದನ್ನು ಅದ್ದಿದ. ಆಯ್ತಾ ಎಂದು ಕೇಳಲಿಲ್ಲ.