ಡೋಣಿ ದಂಡಿನ ಮಾಸ್ತರ

ಕಾಗೆಗಳಿಗೇನು ಬರವೇ! ತಂಗಡಗಿಯ ಹತ್ತಿರ, ಕೃಷ್ಣೆಯ ದಂಡೆಯ ಜಾಲಿಗಿಡದ ಮೇಲೆ ಹಿಂಡೇ ಕೂತಿತ್ತು. ಕೂಗುತ್ತಿದ್ದವು, ಕತ್ತು ಕೊಂಕಿಸಿ ಕೆಳಗೆ ನೋಡುತ್ತಿದ್ದವು, ಒಂದೆರಡು ಇಳಿದು ಬಂದು ಪಿಂಡದ ಸುತ್ತ ಕುಪ್ಪಳಿಸಿ ಮತ್ತೆ ಗಿಡ ಸೇರಿದವು. ಮುಟ್ಟಲು ಮಾತ್ರ ಒಲ್ಲವು. ಹತ್ತನೆಯ ದಿನದ ಪಿಂಡವನ್ನು ಕಾಗೆ ಮುಟ್ಟಲಿಲ್ಲವೆಂದರೆ ಹೋದ ಜೀವಕ್ಕೆ ಇನ್ನೂ ಏನೋ ಆಸೆ ಉಳಿದಿದೆ ಎಂದೇ ಅರ್ಥ. ಆ ಆಸೆ ಯಾವುದೆಂದು ತಿಳಿದುಕೊಂಡು, ಹಿಂದೆ ಉಳಿದವರು ಬಾಯಿಬಿಟ್ಟು ಮಾತು ಕೊಡಬೇಕು. ಕೊಟ್ಟರೆ ಕಾಗೆ ಮುಟ್ಟುತ್ತದೆ, ಜೀವ ಮುಂದಕ್ಕೆ ಹೋಗುತ್ತದೆ.

ಒದ್ದೆ ಧೋತರದಲ್ಲಿ ನಿಂತಿದ್ದವರು ಶ್ರೀವಲ್ಲಭರಾವ್ ಕುಲಕರ್ಣಿ, ಮುದ್ದೇಬಿಹಾಳದ ನಿವೃತ್ತ ಹೆಡ್‌ಮಾಸ್ತರರು. ಹೋದವನು ಅವರ ಮಗ ಸುಧೀರ, ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಡೆಂಗಿ ಜ್ವರ ನೆಪ. ಮಗ ಮಾಡಬೇಕಾದ ಕರ್ಮವನ್ನು ಅಪ್ಪ ಮಾಡಬೇಕಾಗಿ ಬಂದಿತ್ತು. ದೇವರ ಮನೆಯ ಲೆಕ್ಕವೂ ಒಮ್ಮೊಮ್ಮೆ ಹೀಗೆ ತಲೆಕೆಳಗಾಗುತ್ತದೆ, ಯಾರನ್ನು ಕೇಳುವುದು?

ಮೊದಲು ಸೋದರಮಾವ ವಿಠ್ಠಲರಾಯರು ಮುಂದೆ ಬಂದರು. "ಸುಧೀರಾ, ನಿಮ್ಮ ಅವ್ವನ ಚಿಂತಿ ಬಿಡಪಾ. ವರದಾನ್ನ ನಾವು ನೋಡ್ಕೋತೇವಿ." ಕಾಗೆ ಕದಲಲಿಲ್ಲ. "ನಿನ್ನ ತಂಗಿ ಸುಮೇಧಾನ ಲಗ್ನ ನಾ ನಿಂತು ಮಾಡ್ತೇನಿ." ಊಹೂಂ. ಯಾರೋ ಒಬ್ಬರು, ಮದುವೆಯಾಗದೆ ಹೋದ ಹುಡುಗ, ಅದೇ ಆಸೆ ಇರಬೇಕು ಎಂದು ಪಿಸುಗುಟ್ಟಿದರು. ಇನ್ನೊಬ್ಬರು ಕಾಯಂ ನೌಕರಿ ಎಂದರು. ಸತ್ತವನ ಮನಸ್ಸಿನಲ್ಲಿ ಏನಿತ್ತೆಂದು ಹೇಳಲು ಬದುಕಿದ್ದವರಿಗೆಲ್ಲ ಎಷ್ಟು ಉಮೇದು! ಬದುಕಿದ್ದಾಗ ಒಬ್ಬರಾದರೂ ಕೇಳಿದ್ದರೇ?

"ಬಿಸಲು ಏರ್ಲಿಕ್ಕತ್ತದ ರಾಯರ," ಎಂದರು ಆಚಾರ್ಯರು. "ದರ್ಭಿದು ಕಾಗಿ ಮಾಡಿ ಮುಟ್ಟಿಸಿಬಿಡೋಣೇನು? ಶಾಸ್ತ್ರದಾಗ ಅದಕ್ಕೂ ದಾರಿ ಅದ."

"ಬ್ಯಾಡ," ಎಂದರು ಶ್ರೀವಲ್ಲಭರಾಯರು. "ಇನ್ನೊಂದಿಷ್ಟು ನೋಡೋಣ."

ಹುಲ್ಲಿನ ಕಾಗೆಯಿಂದ ಮಗನನ್ನು ಸಾಗಹಾಕಲು ಅವರಿಗೆ ಮನಸ್ಸಾಗಲಿಲ್ಲ. ಅವನು ಯಾವುದೋ ಕೊರಗಿನಲ್ಲಿ ಅಲ್ಲೇ ನಿಂತಿದ್ದಾನೆ, ತಾನು ಮೋಸದಿಂದ ಅವನ ಬೆನ್ನು ತಳ್ಳುತ್ತಿದ್ದೇನೆ ಎಂದು ಅನಿಸಿತು.

ಆಗ ದಂಡೆಯ ಮೇಲಿನಿಂದ ಒಬ್ಬ ಹುಡುಗ ಇಳಿದು ಬಂದ. ಚಪ್ಪಲಿ ದೂರವೇ ಬಿಟ್ಟಿದ್ದ, ಕೈ ಕಟ್ಟಿಕೊಂಡಿದ್ದ. ಮೇಲೆ ರಸ್ತೆಯ ಬದಿಗೆ, ಮೋಟರ್‌ಸೈಕಲ್ಲಿನ ಹತ್ತಿರ, ತಲೆಯ ಮೇಲೆ ಓಢಣಿ ಹೊದ್ದ ಒಬ್ಬ ಹುಡುಗಿ ನಿಂತಿದ್ದಳು. ಹೆಣ್ಣುಮಕ್ಕಳು ಇಲ್ಲಿಗೆ ಬರುವ ಪದ್ಧತಿ ಇಲ್ಲವೆಂದು ಅವಳಿಗೆ ಗೊತ್ತಿತ್ತೆಂದು ಕಾಣುತ್ತದೆ, ಅಲ್ಲೇ ಉಳಿದಿದ್ದಳು.

"ನಮಸ್ಕಾರ್ರಿ ಸರ್. ನಾ ಯುನೂಸ್ರಿ, ಸಿಂದಗಿಯಾಂವ. ಆಕಿ ಭಾಗ್ಯಜ್ಯೋತಿ, ತಾಂಬಾದಾಕಿ. ಸುಧೀರಣ್ಣನ ಕೂಡ ಆಟ ಆಡತಿದ್ವಿರಿ. ಮಾರಿ ನೋಡಿದ್ದಿಲ್ಲ, ಧ್ವನಿ ಅಷ್ಟ ಗೊತ್ತಿತ್ತು."

'ಆಟ' ಎಂಬ ಮಾತು ಕೇಳಿ ವಿಠ್ಠಲರಾಯರಿಗೆ ಉರಿಯಿತು. "ಇಲ್ಲಿ ಆಟದ ಸುದ್ದಿ ಯಾಕೋ ತಮ್ಮಾ? ಹೊತ್ತು ಗೊತ್ತು ಇಲ್ಲೇನು ನಿಮಗ?"

ಶ್ರೀವಲ್ಲಭರಾಯರಿಗೆ ಆ ಆಟ ಚೆನ್ನಾಗಿ ಗೊತ್ತಿತ್ತು. ಬಂದೂಕು ಹಿಡಿದು ದ್ವೀಪಕ್ಕೆ ಇಳಿದು ಒಬ್ಬರನ್ನೊಬ್ಬರು ಬೇಟೆಯಾಡುವ ಆಟ. ಊಟವಾದ ಮೇಲೆ ಮಗ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂರುತ್ತಿದ್ದ. "ಗ್ವಾಡಿ ಹಿಂದ ಇಬ್ರು ಅದಾರ, ಅವಸರ ಮಾಡಬ್ಯಾಡ್ರಿ, ನಾ ಮುಂದ ಹೋಗ್ತೇನಿ," ಎನ್ನುವ ದನಿ ಕೋಣೆಯಿಂದ ಕೇಳುತ್ತಿತ್ತು. ನಾಲ್ಕು ಜನಕ್ಕೆ ಪಾಠ ಹೇಳುವ ವಯಸ್ಸಿನ ಗಂಡಸು ಬಂದೂಕಿನ ಆಟ ಆಡುವುದೆಂದರೆ! ರಾಯರಿಗೆ ಅದು ಕಣ್ಣಲ್ಲಿ ಬಿದ್ದ ಕಸದಂತಿತ್ತು. ಬಸವನ ಬಾಗೇವಾಡಿಯ ಬೀಗರಾಗಬೇಕಾದವರು ಬಂದು, "ಹುಡುಗ ಭಾಳ ಛೊಲೊ ಇದ್ದಾನ, ಖರೆ ಮೊಬೈಲಿನ ಚಟ ಅದ ಅಂತಾರಲ್ಲ?" ಎಂದು ನಕ್ಕ ದಿನವೇ ಮಗನನ್ನು ದೇವರ ಮನೆಯ ಮುಂದೆ ನಿಲ್ಲಿಸಿದ್ದರು.

"ಅಳಸು ಅದನ್ನ. ಈಗ, ನನ್ನ ಕಣ್ಣ ಮುಂದ."

"ಅಪ್ಪಾ, ಎರಡು ದಿವಸ ಕೊಡ್ರಿ. ಒಂದಿಷ್ಟು ಕೆಲಸ ಅದ ಅದರಾಗ."

"ಆಟದಾಗ ಎಂಥಾ ಕೆಲಸಾ? ಅಳಸು ಅಂದೆ. ತಾಯಿ ಆಣಿ ಮಾಡು, ನಾ ಹೂಂ ಅನ್ನೂತನಕ ಮತ್ತ ತಗದು ನೋಡೂದಿಲ್ಲಂತ."

ಸುಧೀರ ಆಟದೊಳಗಿನ ತನ್ನ ಖಾತೆಯನ್ನೇ ಅಳಿಸುವ ಗುಂಡಿ ಒತ್ತಿದ, ಆಣೆ ಮಾಡಿದ. ಎದುರು ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು! ಆದರೆ ಆ ಮನೆಯಲ್ಲಿ ಅಪ್ಪನ ಮಾತೆಂದರೆ ಕಲ್ಲಿನ ಮೇಲೆ ಕೊರೆದ ಗೆರೆ, ಮಗ ಅದನ್ನು ನೋಡುತ್ತಲೇ ಬೆಳೆದವನು.

ಇನ್ನೊಂದು ಸಂಗತಿ ಇತ್ತು, ರಾಯರು ಯಾರ ಮುಂದೆಯೂ ಹೇಳಿರಲಿಲ್ಲ. ವಿಜಯಪುರದ ಆಸ್ಪತ್ರೆಯಲ್ಲಿ, ಕೈಗೆ ಸಲಾಯಿನ್ ಹಚ್ಚಿದ್ದಾಗ, ಫೋನು ಮಗನ ದಿಂಬಿನ ಬದಿಗೇ ಇತ್ತು. "ಅಪ್ಪಾ, ಒಂದು ಸಲ ಆಟ ತಗೀಲೇನು? ನೀವು ಹೂಂ ಅಂದ್ರ ಐದು ನಿಮಿಷದ ಕೆಲಸ," ಎಂದು ಕೇಳಿದ್ದ. ಇವರು, "ಆಣಿ ಮಾಡೀದಿ, ನೆನಪದ ಇಲ್ಲೋ? ಸುಮ್ಮನ ಮಲಕೋ," ಎಂದು ಗದರಿದ್ದರು. ಮಗ ಕಣ್ಣು ಮುಚ್ಚಿದ. ಮರುದಿನ ಎಚ್ಚರ ತಪ್ಪಿತು.

"ಹೇಳಪಾ," ಎಂದರು ಈಗ ಯುನೂಸನಿಗೆ. "ಏನು ಹೇಳ್ಲಿಕ್ಕೆ ಬಂದೀದಿ?"

ಯುನೂಸ ತಡವರಿಸುತ್ತ ಹೇಳಿದ. ಆಟದಲ್ಲಿ ಅವರದೊಂದು ಗುಂಪು, ತಮ್ಮ ಕಡೆಯ ಡೋಣಿ ಹೊಳೆಯ ಹೆಸರಿನದು, 'ಡೋಣಿ ದಂಡು'. ಇಂಡಿ, ಸಿಂದಗಿ, ಮುದ್ದೇಬಿಹಾಳದ ಕಡೆಯ ಹುಡುಗ ಹುಡುಗಿಯರು. ಕಟ್ಟಿದವನು ಸುಧೀರ, ಅಲ್ಲಿ ಅವನ ಹೆಸರೇ 'ಮಾಸ್ತರ'. ಬೇರೆ ಗುಂಪುಗಳಲ್ಲಿ ಹೆಣ್ಣು ದನಿ ಕೇಳಿದರೆ ಸಾಕು, ತಾಯಿ ತಂಗಿ ಎತ್ತಿ ಹೊಲಸು ಬೈಗಳು. ಡೋಣಿ ದಂಡಿನಲ್ಲಿ ಹಾಗೆ ಬೈದವನನ್ನು ಮಾಸ್ತರ ನಿಂತ ಕಾಲಿನ ಮೇಲೆ ಹೊರಗೆ ಹಾಕುತ್ತಿದ್ದ. ಅದಕ್ಕೇ ಭಾಗ್ಯಜ್ಯೋತಿಯಂಥವರು ಅಲ್ಲಿ ಬಾಯಿಬಿಟ್ಟು ಮಾತಾಡುತ್ತಿದ್ದರು, ನಗುತ್ತಿದ್ದರು, ಗೆಲ್ಲುತ್ತಿದ್ದರು.

"ಸುಧೀರಣ್ಣ ದವಾಖಾನ್ಯಾಗಿಂದ ಫೋನ್ ಮಾಡಿದ್ರು ನನಗ. ಅಳಸಿದ ಮ್ಯಾಲೂ ಒಂದ ತಿಂಗಳ ಆಟದಾಗ ಹೆಸರು, ಐಡಿ ಹಂಗ ಇರತೈತ್ರಿ. ಅದರಾಗ ಒಮ್ಮಿ ತಗದ್ರ ಉಳೀತೈತಿ. 'ಅಪ್ಪ ಹೂಂ ಅಂದಕೂಡ್ಲೆ ತಗದು, ದಂಡು ಭಾಗ್ಯಜ್ಯೋತಿ ಕೈಯಾಗ ಒಪ್ಪಸ್ತೇನಿ, ಆಮ್ಯಾಲ ಮತ್ತ ಬಂದ್ ಮಾಡ್ತೇನಿ' ಅಂದಿದ್ರು. ಒಪ್ಪಸದ ಹ್ವಾದ್ರ ಅದು ತಾನ ಎರಡನೇ ನಂಬರದಾಂವಗ ಹೋಗತೈತ್ರಿ. ಅವನು ಛೊಲೊ ಮನಷ್ಯಾ ಅಲ್ರಿ. ಹುಡಿಗ್ಯಾರನ್ನ ಮೊದಲ ತಗದ ಹಾಕ್ತಾನ. ಗಡುವು ಇವತ್ತ ಸಂಜಿಗಿ ಮುಗೀತೈತ್ರಿ ಸರ್."

ರಾಯರಿಗೆ ತಮ್ಮ ನಿವೃತ್ತಿಯ ದಿನ ನೆನಪಾಯಿತು. ಅಂದು ತಾವೇನು ಮಾಡಿದ್ದರು? ಹಾರ ಶಾಲು ಎಲ್ಲ ಆಮೇಲೆ ಎಂದು, ಶಾಲೆಯ ಬೀಗದ ಕೈಯಿಂದ ಹಿಡಿದು ಪ್ರಯೋಗಾಲಯದ ಗಾಜಿನ ಕೊಳವೆಯವರೆಗೆ ಮುಂದಿನವರಿಗೆ ಒಪ್ಪಿಸಿಯೇ ಹೊಸ್ತಿಲು ದಾಟಿದ್ದರು. ಒಪ್ಪಿಸದೆ ಎದ್ದು ಹೋಗುವವನು ಗಂಡಸೇ ಅಲ್ಲ ಎಂದು ಊಟಕ್ಕೆ ಕೂತಾಗಲೆಲ್ಲ ಮಗನಿಗೆ ಹೇಳಿದವರು ಯಾರು? ಇವರೇ. ಮಗ ಆ ಪಾಠವನ್ನೇ ಕಲಿತಿದ್ದ. ಇವರಿಗೆ ಅದು ಚಟವಾಗಿ ಕಂಡಿತ್ತು.

ಅವರು ಪಿಂಡದ ಎದುರು ಬಂದು ಕೈ ಮುಗಿದರು. ಅಪ್ಪ ಮಗನಿಗೆ ಕೈ ಮುಗಿಯಬಹುದೇ ಬಾರದೇ ಎಂದು ಆಚಾರ್ಯರ ಮುಖ ಕೂಡ ನೋಡಲಿಲ್ಲ.

"ಸುಧೀರಾ," ಎಂದರು ಗಟ್ಟಿಯಾಗಿ. "ನಿನ್ನ ಆಣಿ ನಾ ಬಿಡಿಸ್ದೆ. ಹೂಂ ಅಂದೆ, ಕೇಳಿತಿಲ್ಲೋ? ನಿನ್ನ ಮಂದೀನ್ನ ಆ ಹುಡಿಗಿ ಕೈಯಾಗ ನಾ ಒಪ್ಪಸ್ತೇನಿ. ಇವತ್ತ ಒಪ್ಪಸ್ತೇನಿ."

ಗಿಡದಿಂದ ಒಂದು ಕಾಗೆ ಇಳಿಯಿತು. ಹಿಂದೆ ಮುಂದೆ ನೋಡಲಿಲ್ಲ, ನೇರ ಬಂದು ಪಿಂಡಕ್ಕೆ ಕೊಕ್ಕು ಹಾಕಿತು. ಅದರ ಹಿಂದೆ ಮತ್ತೆರಡು. ವಿಠ್ಠಲರಾಯರು "ಹರಿ ಹರಿ" ಎಂದು ಕಣ್ಣೊರೆಸಿಕೊಂಡರು. ಆಚಾರ್ಯರು ದೊಡ್ಡ ಉಸಿರು ಬಿಟ್ಟು ಮುಂದಿನ ಮಂತ್ರ ಶುರು ಮಾಡಿದರು. ಶ್ರೀವಲ್ಲಭರಾಯರು ಇಷ್ಟು ದಿನ ಅಳದೆ ಇದ್ದವರು, ಅಲ್ಲೇ ಮರಳಿನ ಮೇಲೆ ಕೂತು ಮಕ್ಕಳ ಹಾಗೆ ಅತ್ತುಬಿಟ್ಟರು.

ಅಳು ನಿಂತ ಮೇಲೆ ಯುನೂಸ ಮೆಲ್ಲಗೆ ಕೇಳಿದ: "ಸರ್, ಸುಧೀರಣ್ಣನ ಫೋನ್ ಎಲ್ಲೈತ್ರಿ? ಅದಕ್ಕ ಒಂದ ಓಟಿಪಿ ನಂಬರ ಬರತೈತಿ, ಅದನ್ನ ಹೊಡದ್ರ ಆತ್ರಿ, ಐಡಿ ತಗೀತೈತಿ."

ರಾಯರು ತಲೆ ಎತ್ತಿ ನದಿಯ ಕಡೆ ನೋಡಿದರು.

ಅಸ್ಥಿ ಬಿಡಲು ಬಂದ ದಿನ ಅವರು ಫೋನನ್ನೂ ತಂದಿದ್ದರು. ಆಸ್ಪತ್ರೆಯಲ್ಲಿ ಕೇಳಿದಾಗ ಬೇಡವೆಂದಿದ್ದು ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಅವನಿಗೆ ಅಷ್ಟು ಪ್ರೀತಿಯಾದದ್ದು ಅವನ ಜೊತೆಗೇ ಹೋಗಲಿ, ಇನ್ನಾದರೂ ಆಡಿಕೊಳ್ಳಲಿ ಎಂದು, ಬೂದಿ ಎಲುಬಿನ ಗಂಟಿನ ಜೊತೆ ಸೇರಿಸಿ ನಡು ಹೊಳೆಯಲ್ಲಿ ಬಿಟ್ಟಿದ್ದರು. ಪ್ರೀತಿಯಿಂದಲೇ ಮಾಡಿದ್ದು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಇವರ ಪ್ರೀತಿಯದೂ ಅದೇ ಹಣೆಬರಹ.

"ಹೊಳಿಯಾಗದ," ಎಂದರು.

ಯುನೂಸ ಹೊಳೆ ನೋಡಿದ, ತನ್ನ ಫೋನಿನಲ್ಲಿ ಹೊತ್ತು ನೋಡಿದ. "ನಡೀರಿ ಸರ್, ಅಣ್ಣನ ಅದಽ ಫೋನ್ ನಂಬರಿನ ಹೊಸಾ ಸಿಮ್ ತಗೋಬಹುದು. ಇನ್ನ ಹೊತ್ತೈತಿ," ಎಂದ.

ವಿಠ್ಠಲರಾಯರು ಬೇಡವೆಂದರು, ಸೂತಕದಲ್ಲಿ ಪೇಟೆ ತಿರುಗುವುದೇ ಎಂದರು. ರಾಯರು ಕೇಳಲಿಲ್ಲ. ಒದ್ದೆ ಧೋತರದ ಮೇಲೆ ಒಂದು ಪಂಚೆ ಹೊದ್ದು ಹೊರಟೇಬಿಟ್ಟರು. ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನ ಎದುರು ಪರಮಾನಂದನ ಮೊಬೈಲ್ ಅಂಗಡಿ. ಅವನು ಇವರ ಹಳೆಯ ವಿದ್ಯಾರ್ಥಿ. ಸೂತಕದವರು ಇನ್ನೊಬ್ಬರ ಅಂಗಡಿ ಹತ್ತಬಾರದೆಂದು ರಾಯರು ಬಿಸಿಲಲ್ಲಿ, ಆಟೋಗಳ ನಡುವೆ, ರಸ್ತೆಯ ಮೇಲೇ ನಿಂತರು. ಪರಮಾನಂದನೇ ಇಳಿದು ಬಂದ. ಎಲ್ಲ ಕೇಳಿದ, ಒಳಗೆ ಹೋಗಿ ಕಂಪ್ಯೂಟರ್ ನೋಡಿದ, ಯಾರಿಗೋ ಫೋನು ಹಚ್ಚಿ ಮಾತಾಡಿದ, ಮತ್ತೆ ಇಳಿದು ಬಂದ.

"ಸರ್, ನಂಬರ ಸುಧೀರ ಸರ್ ಹೆಸರಲೇ ಐತ್ರಿ. ಹೊಸಾ ಸಿಮ್ ಬೇಕಂದ್ರ..." ಎಂದು ನಿಲ್ಲಿಸಿದ. ಹೇಳಬಾರದ ಮಾತು ನಾಲಿಗೆಯ ಮೇಲೆ ಬಂದಿದೆ ಎಂದು ಅವನಿಗೇ ಹೊಳೆದಿತ್ತು.

"ಹೇಳು."

"ಅವರ ಬರಬೇಕ್ರಿ ಸರ್. ಹೆಬ್ಬೆಟ್ಟ ಒತ್ತಬೇಕು, ಮಾರಿ ತೋರಸಬೇಕು."

ಹೋದವರ ನಂಬರು ಮನೆಯವರ ಹೆಸರಿಗೆ ಆಗುತ್ತದೆ, ಆದರೆ ಮರಣದ ದಾಖಲೆ ಬೇಕು, ಅರ್ಜಿ ಬೇಕು, ಎಷ್ಟು ಬೇಗ ಎಂದರೂ ನಾಲ್ಕೆಂಟು ದಿನ ಹಿಡಿಯುತ್ತದೆ ಎಂದು ಪರಮಾನಂದ ಹೇಳುತ್ತಲೇ ಇದ್ದ. ಅದು ರಾಯರ ಕಿವಿಗೆ ಬಿದ್ದಿತೋ ಇಲ್ಲವೋ. ಮಗ ಬರಬೇಕು, ಬಂದು ಮುಖ ತೋರಿಸಬೇಕು. ತಮಗೂ ಬೇಕಾದದ್ದು ಅದೇ ಅಲ್ಲವೇ?

ಸಂಜೆಯವರೆಗೆ ರಾಯರು, ಯುನೂಸ, ಭಾಗ್ಯಜ್ಯೋತಿ ಮೂವರೂ ಬಸ್‌ಸ್ಟ್ಯಾಂಡಿನ ಹೊರಗಿನ ಬೇವಿನ ಗಿಡದ ಕೆಳಗೆ ಕೂತರು. ಕೂತು ಮಾಡುವುದೇನೂ ಇರಲಿಲ್ಲ, ಎದ್ದು ಹೋಗಲು ಯಾರಿಗೂ ಕಾಲು ಬರಲಿಲ್ಲ. ಭಾಗ್ಯಜ್ಯೋತಿ ತನ್ನ ಫೋನಿನಲ್ಲಿ ಡೋಣಿ ದಂಡಿನ ಪಟ್ಟಿ ತೆರೆದು ತೋರಿಸಿದಳು. ಎಲ್ಲರಿಗಿಂತ ಮೇಲೆ 'ಮಾಸ್ತರ' ಎಂದಿತ್ತು. ರಾಯರು ಕನ್ನಡಕ ಏರಿಸಿ ಅದನ್ನೇ ನೋಡುತ್ತ ಕೂತರು.

"ಬೈತಿದ್ದನೇನವಾ ನಿಮಗ?" ಎಂದು ಕೇಳಿದರು.

"ಇಲ್ರಿ. ನಾವು ಸತ್ರ ನಗತಿದ್ರು. 'ಏಳು, ಮತ್ತ ಹೋಗೂಣು' ಅಂತಿದ್ರು," ಎಂದಳು. ಹೇಳಿ, ಅಯ್ಯೋ ಏನು ಹೇಳಿಬಿಟ್ಟೆ ಎಂದು ಓಢಣಿ ಬಾಯಿಗೆ ಒತ್ತಿಕೊಂಡಳು.

ದೀಪ ಹತ್ತುವ ಹೊತ್ತಿಗೆ ಆ ಹೆಸರು ಹೋಯಿತು. ಸದ್ದಿಲ್ಲ, ಏನಿಲ್ಲ, ಒಂದು ಸಾಲು ಮಾಯವಾಯಿತು, ಕೆಳಗಿನದು ಮೇಲೆ ಬಂತು. ಭಾಗ್ಯಜ್ಯೋತಿ ಇನ್ನೂ ನೋಡುತ್ತಿರುವಾಗಲೇ, ನಿನ್ನನ್ನು ಗುಂಪಿನಿಂದ ತೆಗೆಯಲಾಗಿದೆ ಎಂಬ ಸುದ್ದಿ ಬಂತು. ಹೊಸ ಯಜಮಾನ ತಡ ಮಾಡಿರಲಿಲ್ಲ.

"ತಪ್ಪಾತವಾ," ಎಂದರು ರಾಯರು. "ಮಾತು ಕೊಟ್ಟೆ, ನಡಸಲಿಲ್ಲ."

"ಹೋಗ್ಲಿ ಬಿಡ್ರಿ ಸರ್, ಆಟ ಅಲ್ರಿ," ಎಂದಳು ಅವಳು. ಅವಳ ಕಣ್ಣು ಹಾಗೆ ಹೇಳುತ್ತಿರಲಿಲ್ಲ. ಯುನೂಸ ಅವಳನ್ನು ಬಸ್ಸಿಗೆ ಹತ್ತಿಸಲು ಬಸ್‌ಸ್ಟ್ಯಾಂಡಿನ ಒಳಗೆ ಕರೆದುಕೊಂಡು ಹೋದ.

ರಾಯರು ಮನೆಗೆ ಬಂದಾಗ ವರದಾಬಾಯಿ ಪಡಸಾಲೆಯ ಚಾಪೆಯ ಮೇಲೆ ಕೂತಿದ್ದರು. ಅಣ್ಣ ಬಂದು ಕಾಗೆ ಮುಟ್ಟಿದ ಸುದ್ದಿ ಮುಟ್ಟಿಸಿದ್ದ. ಇಷ್ಟು ದಿನಗಳಲ್ಲಿ ಮೊದಲ ಸಲ ಅವರ ಮುಖ ಸಡಿಲಾಗಿತ್ತು.

"ನೀವು ಮಾತು ಕೊಟ್ಟಕೂಡ್ಲೆ ಮುಟ್ಟಿತಂತ. ವಿಠ್ಠಲಣ್ಣ ಹೇಳಿದಾ. ಏನು ಬೇಕಾಗಿತ್ರಿ ನನ್ನ ಕೂಸಿಗೆ?"

ರಾಯರು ಅವರೆದುರು ಕೂತರು. ಸುಳ್ಳು ಹೇಳಿದ ಹುಡುಗರಿಗೆ ಜನ್ಮವಿಡೀ ಬೆತ್ತ ಎತ್ತಿದವರಿಗೆ ಈಗ ಹೆಂಡತಿಯ ಮುಂದೆ ಎಲ್ಲ ಖರೆಯನ್ನೂ ಹೇಳುವ ಧೈರ್ಯ ಬರಲಿಲ್ಲ. ಹೇಳಬಹುದಾದ ಖರೆ ಒಂದೇ ಇತ್ತು.

"ನನ್ನ ಪರವಾನಗಿ," ಎಂದರು. "ನಾ ಹೂಂ ಅನ್ನಬೇಕಾಗಿತ್ತಂತ."

"ಅಂದ್ರಿಲ್ಲೋ?"

"ಅಂದೆ."

ವರದಾಬಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು, ಬೇಸರವಿಲ್ಲದೆ, ಬರೀ ತಿಳಿಯಲೆಂದು ಕೇಳಿದರು:

"ಇಷ್ಟಽ ಅಲ್ರಿ? ಅವ ಇದ್ದಾಗ ಅಂದಿದ್ರ ಆಗ್ತಿರಲಿಲ್ಲೇನು?"