ಬಾಯಿ ಬಿಟ್ಟ ವಾಲುಗ

"ಅಮ್ಮಮ್ಮ ಅಲ್ಲಿ ಬಾಯಿ ಬಿಡದ ಹಾಗೆ ನೋಡ್ಕೊಳ್ಳೇ, ನಿನ್ನ ದಮ್ಮಯ್ಯ" ಎಂದು ಹೈಮಾ ಅಕ್ಕ ನನ್ನ ಜಡೆ ಹಿಡಿದು ಹೇಳಿ ಕಳಿಸಿದ್ದಳು. ನೂಲುವವರ ಊರಾದ ನಮ್ಮ ಪೊಂದೂರಿನಿಂದ ಗೋದಾವರಿ ದಡದ ಧವಳೇಶ್ವರಕ್ಕೆ, ಗಂಡಿನ ಮನೆ ನೋಡಲು ಹೊರಟವರು ನಾವು ಮೂವರು: ಅಪ್ಪ, ಅಮ್ಮನ ತಾಯಿ ಅಮ್ಮಮ್ಮ, ನಾನು. ಕಡಿಯಂನ ಹೂಗಿಡಗಳ ತೋಟದಲ್ಲಿ ಕೆಲಸ ಮಾಡುವ ಸತ್ತಿಬಾಬು ಒಂದು ಗುಲಾಬಿ ಗಿಡ ಹೊತ್ತು ಬಂದು ಅಕ್ಕನನ್ನು ನೋಡಿಹೋದ ದಿನದಿಂದ, ಅವಳು ರಾಟೆಯ ಮುಂದೆ ಕೂತು ಸುಮ್ಮಸುಮ್ಮನೆ ನಗುತ್ತಿದ್ದಳು. ನೂಲು ತುಂಡಾದರೂ ಗೊತ್ತಾಗುತ್ತಿರಲಿಲ್ಲ. ಈ ಸಂಬಂಧ ತಪ್ಪಿಹೋದರೆ ಆ ನಗುವನ್ನು ಎಲ್ಲಿಂದ ತರುವುದು?

ರೈಲಿನಲ್ಲೂ ಅಮ್ಮಮ್ಮನ ಕೈ ಸುಮ್ಮನಿರಲಿಲ್ಲ. ಮಡಿಲಲ್ಲಿ ಬೆಟ್ಟದ ಹತ್ತಿ, ಕೈಯಲ್ಲಿ ವಾಲುಗ ಮೀನಿನ ದವಡೆ. ಬೀಜದ ಸಮೇತ ಎಳೆಗಳನ್ನು ಆ ಸಣ್ಣ ಹಲ್ಲುಗಳ ಮೇಲೆ ಎಳೆದೆಳೆದು ಬಾಚುತ್ತಿದ್ದಳು. ಮದುವೆಯ ಗಂಡಿಗೆ ಉಡಿಸುವ ಪಂಚೆಯ ನೂಲಿಗೆ ಅದು. ದವಡೆ ಮಾತ್ರ ಸವೆದುಹೋಗಿತ್ತು.

"ನನಗೂ ಇದಕ್ಕೂ ಉಳಿದಿರೋ ಹಲ್ಲು ಲೆಕ್ಕಕ್ಕೆ ಸರಿಹೋಗ್ತದೆ" ಎಂದಳು.

ನಾನು ಕಿಟಕಿಯಾಚೆಯ ಮೋಡ ನೋಡುತ್ತಿದ್ದೆ. ಒಂದು ಕಾಲದಲ್ಲಿ ಮೋಡಗಳಿಗೆ ಸಿಕ್ಕು ಬಿದ್ದು ಮಳೆಯೇ ಇಳಿಯದೆ ಹೋಯಿತಂತೆ. ಆಗ ಗೋದಾವರಿಯಿಂದ ವಾಲುಗ ಮೇಲೆ ನೆಗೆದು, "ಬಾಯಿತುಂಬ ಬಾಚಣಿಗೆ ಇಟ್ಕೊಂಡಿರೋಳು ನಾನು, ನಾನೇ ಬಾಚ್ತೀನಿ" ಅಂದಿತಂತೆ. ಬಾಚಿದಾಗ ಉದುರಿದ್ದೇ ನಮ್ಮ ಹತ್ತಿ. ಅಮ್ಮಮ್ಮನ ಈ ಕತೆ ಕೇಳಿ ಬೆಳೆದವಳಿಗೆ ಆಕಾಶ ಈಗಲೂ ಯಾರೋ ಅರ್ಧಕ್ಕೆ ಬಿಟ್ಟು ಎದ್ದುಹೋದ ಕೆಲಸದ ಹಾಗೆಯೇ ಕಾಣುತ್ತದೆ.

ನದಿಯ ಏರಿಯ ಕೆಳಗೇ ಗಂಡಿನವರ ಮನೆ. ಸತ್ತಿಬಾಬುವಿನ ತಾಯಿ ವೆಂಕಾಯಮ್ಮ ಬಾಗಿಲಲ್ಲೇ ಶುರು ಮಾಡಿದರು: "ಬನ್ರೀ, ಕೂತ್ಕೊಳ್ರೀ, ಕಾಲು ನೀಡ್ಕೊಳ್ರೀ!" ಗೋದಾವರಿ ಕಡೆಯವರ ಮರ್ಯಾದೆಯೇ ಹಾಗೆ. ಕಾಲಿಗೆ ಸಿಕ್ಕ ಬೆಕ್ಕಿಗೂ, "ಅತ್ಲಾಗೆ ಹೋಗ್ರೀ!" ಎಂದರು.

ಊಟಕ್ಕೆ ವಾಲುಗದ ಹುಳಿ. ತುಂಡು ಬಾಯಿಗಿಟ್ಟ ಅಮ್ಮಮ್ಮನ ಕಣ್ಣು ಅರಳಿತು.

"ತಾಯೀ, ಇದು ವಾಲುಗ ಅಲ್ವಾ? ದವಡೆ ಎಲ್ಲಿ?"

ನಾನು ಅವಳ ತೊಡೆ ಚಿವುಟಿದೆ.

"ದವಡೇನ್ರೀ?" ವೆಂಕಾಯಮ್ಮನ ಕೈಯಲ್ಲಿದ್ದ ಸೌಟು ನಿಂತಿತು. "ಇನ್ನೆರಡು ತುಂಡು ಹಾಕ್ತೀನಿ, ತಿನ್ರೀ."

"ತುಂಡು ಯಾರಿಗೆ ಬೇಕು? ದವಡೆ ಕೊಡಿ, ಸಾಕು."

ಅಪ್ಪ ಅನ್ನದಲ್ಲೇ ಮುಖ ಹುದುಗಿಸಿದ. ಕೈ ತೊಳೆಯಲೆಂದು ಹಿತ್ತಲಿಗೆ ಎದ್ದ ಅಮ್ಮಮ್ಮ, ಮರುಕ್ಷಣವೇ "ಅಯ್ಯಯ್ಯೋ!" ಎಂದು ಕೂಗಿಕೊಂಡಳು. ನಾವೆಲ್ಲ ಓಡಿದೆವು. ಬೀಗರ ಮನೆಗೆ ಮೊದಲ ಸಲ ಬಂದ ಮುದುಕಿ ಬೂದಿಗುಂಡಿಯಲ್ಲಿ ಮೊಣಕಾಲುದ್ದ ಇಳಿದು ನಿಂತಿದ್ದಳು. ಒಂದು ದವಡೆಯ ಈ ತುದಿ ಅವಳ ಕೈಯಲ್ಲಿ, ಆ ತುದಿ ಬೆಕ್ಕಿನ ಬಾಯಲ್ಲಿ.

"ಬಿಡೇ ಹಾಳಾದವಳೇ! ಇದಕ್ಕೋಸ್ಕರ ನಮ್ಮೂರಲ್ಲಿ ವರ್ಷಗಟ್ಟಲೆ ಕಾಯ್ತೀವಿ, ನಿನಗೆ ಊಟಕ್ಕೆ ಉಪ್ಪಿನಕಾಯಿಯಾ?"

ಒಳಗೆ ವೆಂಕಾಯಮ್ಮ ಮಗನಿಗೆ ಪಿಸುಗುಟ್ಟಿದ್ದು ನನ್ನ ಕಿವಿಗೆ ಬಿತ್ತು. "ಮೂಳೇನೂ ಬಿಡದೋರು ನಾಳೆ ನಮ್ಮನೆ ತೊಲೆ ಬಿಡ್ತಾರೇನೋ? ಬೇಡಪ್ಪ ಈ ಸಂಬಂಧ."

ಅಕ್ಕನ ನಗು ಕಣ್ಣೆದುರೇ ಆರಿಹೋದಂತಾಯಿತು. ನನಗೆ ಆಗ ಹೊಳೆಯಿತು: ಅಮ್ಮಮ್ಮ ಬೇಡಿದ್ದು ಏನೆಂದು ಇಲ್ಲಿ ಯಾರಿಗೂ ಗೊತ್ತೇ ಇಲ್ಲ. ಲೋಕದಲ್ಲಿ ಎಲ್ಲರೂ ಮೀನಿನ ದವಡೆಯಿಂದಲೇ ಹತ್ತಿ ಬಾಚುತ್ತಾರೆ ಎಂದುಕೊಂಡವಳು ಅವಳು! ನಾನು ಅವಳ ಹತ್ತಿಯ ಗಂಟನ್ನು ತಂದು ಜಗಲಿಯ ಮೇಲೆ ಬಿಚ್ಚಿದೆ.

"ಅಮ್ಮಮ್ಮಾ, ಬೆಕ್ಕನ್ನ ಬಿಡು. ಒಂಚೂರು ಬಾಚಿ ತೋರ್ಸು."

ಗೆದ್ದ ದವಡೆಯನ್ನು ತೊಳೆದು, ಒರೆಸಿ, ಅವಳು ಕೂತಳು. ಹೊಸ ಹಲ್ಲು, ಹಳೆಯ ಕೈ. ಸರ್ ಸರ್ ಎಂದು ಎಳೆದಂತೆಲ್ಲ ಕಸ ಕಡ್ಡಿ ಉದುರಿ, ಎಳೆಗಳು ಹಾಲಿನ ನೊರೆಯ ಹಾಗೆ ಎದ್ದವು. ನದಿಯ ಗಾಳಿಗೆ ಒಂದಿಷ್ಟು ತೇಲಿ ವೆಂಕಾಯಮ್ಮನ ಮೂಗಿನ ಮೇಲೆ ಕೂತಿತು.

ಅವರು ಅದನ್ನು ಬೆರಳಲ್ಲಿ ತೆಗೆದು ಹೊಸಕಿ ನೋಡಿದರು. "ಇದೇನ್ರೀ, ಕೈಗೇ ಸಿಗಲ್ವಲ್ರೀ!"

"ನಿಮ್ಮ ಮಗನ ಮದುವೆ ಪಂಚೆ ತಾಯೀ. ಹಳೇ ದವಡೇಲಿ ಅರ್ಧ ಆಗಿದೆ. ಇನ್ನರ್ಧಕ್ಕೆ ಹಲ್ಲು ಸಾಲ್ಲಿಲ್ಲ, ಅದಕ್ಕೇ ಬಾಯಿಬಿಟ್ಟು ಕೇಳ್ದೆ."

ವೆಂಕಾಯಮ್ಮ ಒಂದು ಕ್ಷಣ ಬೆಕ್ಕನ್ನು ನೋಡಿದರು, ಒಂದು ಕ್ಷಣ ಬೂದಿ ಮೆತ್ತಿದ ಆ ಕಾಲುಗಳನ್ನು. ಆಮೇಲೆ ಸೆರಗು ಬಾಯಿಗೊತ್ತಿಕೊಂಡು ನಕ್ಕರು ನೋಡಿ, ಪಕ್ಕದ ಮನೆಯವರು ಗೋಡೆಯ ಮೇಲಿಂದ ಇಣುಕಿದರು.

"ಎಷ್ಟು ವರ್ಷದಿಂದ ಬೆಕ್ಕುಗಳಿಗೆ ಪಂಚೆ ತಿನ್ನಿಸ್ತಾ ಇದ್ದೆ ಕಣ್ರೀ ನಾನು! ಲೋ ಸತ್ತಿ, ನಿಂತ್ಕೊಂಡು ಏನ್ ನೋಡ್ತೀಯ? ಬೀದಿಯೆಲ್ಲ ದವಡೆ ಕೇಳ್ಕೊಂಡು ಬಾ!"

ಸತ್ತಿಬಾಬು ಹೊಸ ಅಂಗಿಯಲ್ಲೇ ಮನೆಮನೆ ತಿರುಗಿದ. "ಯಾಕೋ, ಹಲ್ಲು ಕಟ್ಟಿಸ್ಕೊಳ್ತೀಯಾ?" ಎಂದು ಕೇಳಿದವರಿಗೆಲ್ಲ, "ಇಲ್ರೀ, ಮದುವೆ ಆಗ್ತಾ ಇದೀನಿ" ಎನ್ನುತ್ತಿದ್ದನಂತೆ. ಸಂಜೆಗೆ ತಾಳೆಗರಿಯ ಬುಟ್ಟಿ ತುಂಬಿ, ಅರಿಸಿನ ಕುಂಕುಮದ ಜೊತೆ ಅಮ್ಮಮ್ಮನ ಮಡಿಲಿಗೆ ಬಂತು. ಲಗ್ನದ ಮಾತು ಅಲ್ಲೇ ಮುಗಿಯಿತು.

ಮರುದಿನ ಅಕ್ಕ ಬಾಗಿಲಲ್ಲೇ ಕಾಯುತ್ತಿದ್ದಳು. ಮೊದಲು ಕೇಳಿದ್ದು ಹುಡುಗನ ವಿಷಯವಲ್ಲ.

"ಏನೇ, ಅಮ್ಮಮ್ಮ ಅಲ್ಲಿ ಬಾಯಿ ಬಿಟ್ಟಳಾ?"

ನಾನು ಬುಟ್ಟಿಯ ಮುಚ್ಚಳ ತೆಗೆದೆ. ಇಪ್ಪತ್ತಾರು ವಾಲುಗಗಳು ಅಕ್ಕನ ಕಡೆಗೆ ಹಲ್ಲು ಕಿರಿದವು.